ಹಿಡಿಸದ ಲೆನ್ಸ್: ಇಟ್ಟುಕೊಳ್ಳೋದಾ, ಮಾರೋದಾ?

ಕೊಂಡ ಕ್ಯಾಮೆರಾ ಲೆನ್ಸ್ ಹಿಡಿಸಲಿಲ್ಲ ಅಂತ ತಕ್ಷಣ ಮಾರಾಟಕ್ಕೆ ಹಾಕಬೇಡಿ. ಯಾಕೆ ಹಿಡಿಸಲಿಲ್ಲ ಅನ್ನೋದನ್ನ ಮೊದಲು ಪತ್ತೆ ಮಾಡಿ. ಫೋಟೋ ಶಾರ್ಪ್ ಬರುತ್ತಿಲ್ಲವಾ, ತೂಕ ಜಾಸ್ತಿಯಾಯ್ತಾ, ಅಥವಾ ಆ ಫೋಕಲ್ ಲೆಂತೇ (ಎಂಎಂ ಲೆಕ್ಕದ ಅಳತೆ, ಹೆಚ್ಚಾದಷ್ಟೂ ನೋಟ ಕಿರಿದು) ನಿಮ್ಮ ಕಣ್ಣಿಗೆ ಒಗ್ಗುತ್ತಿಲ್ಲವಾ? ಮೂರೂ ಬೇರೆ ಬೇರೆ ತೊಂದರೆ, ಮೂರಕ್ಕೂ ಒಂದೇ ಮದ್ದಿಲ್ಲ.

ಜಾಸ್ತಿ ಕೇಳಿಬರುವ ದೂರು ಶಾರ್ಪ್‌ನೆಸ್‌ದು. ಚಳಿಗಾಲದಲ್ಲಿ ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಪಟ್ಟೆ ತಲೆಯ ಹೆಬ್ಬಾತು ನೋಡಲು ಹೋಗಿ, 70-300 ಎಂಎಂ ಜೂಮ್ ಲೆನ್ಸಿನಲ್ಲಿ ತೆಗೆದದ್ದೆಲ್ಲ ಮಸುಕು ಅಂತ ಬೇಜಾರಾಗಿ ವಾಪಸ್ ಬರುವವರು ತುಂಬ ಜನ. ಬಿಸಿಲೇರಿದ ಮೇಲೆ ಕೆರೆಯಾಚೆಯ ಹಕ್ಕಿಗೆ ಗುರಿ ಇಟ್ಟರೆ ನಡುವೆ ಇರುವ ಬಿಸಿಗಾಳಿಯೇ ಅಲುಗಾಡುತ್ತಿರುತ್ತದೆ. ಆಗ ಎಷ್ಟು ಲಕ್ಷದ ಲೆನ್ಸ್ ಹಾಕಿದರೂ ಗರಿ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅದೇ ಲೆನ್ಸನ್ನು ಬೆಳಿಗ್ಗೆ ಬೇಗ ಒಯ್ಯಿರಿ. ಮುಂದಿರುವ ಅಗ್ಗದ ಯುವಿ ಫಿಲ್ಟರ್ ಬಿಚ್ಚಿಡಿ, ಅಪರ್ಚರ್ (ಬೆಳಕು ಬಿಡುವ ಕಿಂಡಿ) ಎಫ್/8ಕ್ಕೆ ತನ್ನಿ. ಕೂತ ಹಕ್ಕಿಗೂ ಶಟರ್ ವೇಗವನ್ನು 1/500 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ, ಹಾರುವ ಹಕ್ಕಿಗಾದರೆ 1/2000 ಬೇಕೇ ಬೇಕು.

ಆಗಲೂ ಅನುಮಾನ ಉಳಿದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಗೋಡೆಗೆ ಒಂದು ದಿನಪತ್ರಿಕೆಯನ್ನು ಪೂರ್ತಿ ಬಿಡಿಸಿ ಅಂಟಿಸಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಗೋಡೆಗೆ ನೇರವಾಗಿ ನಿಲ್ಲಲಿ, ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಆಫ್ ಇರಲಿ, ಎರಡು ಸೆಕೆಂಡ್ ಟೈಮರ್ ಹಾಕಿ. ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್/8ರಲ್ಲಿ ಒಂದು ತೆಗೆದು ನಾಲ್ಕೂ ಮೂಲೆಯ ಅಕ್ಷರ ದೊಡ್ಡದು ಮಾಡಿ ನೋಡಿ. ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದವರು ಇದನ್ನೇ ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಒಮ್ಮೆ, ಹಿಂದಿನ ಪರದೆಯ ಲೈವ್ ವ್ಯೂನಲ್ಲಿ ಒಮ್ಮೆ ಮಾಡಿ. ಲೈವ್ ವ್ಯೂನಲ್ಲಿ ಅಕ್ಷರ ಚೆನ್ನಾಗಿದ್ದು ವ್ಯೂಫೈಂಡರ್‌ನಲ್ಲಿ ಮಸುಕಾದರೆ ಗಾಜಿನದೇನೂ ತಪ್ಪಿಲ್ಲ, ಫೋಕಸ್ ಹೊಂದಿಕೆ ತಪ್ಪಿದೆ. ಕೆಲವು ಬಾಡಿಗಳ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಮೆನುವಿನಲ್ಲೇ ಅದನ್ನು ಸರಿಮಾಡಬಹುದು. ಪೇಪರಿನ ಎಡಗಡೆ ಮಾತ್ರ ಮಸುಕಾಗಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು ಫೋಟೋ ತೆಗೆಯಿರಿ. ಮಸುಕು ಪೇಪರಿನ ಬಲಗಡೆಗೆ ಹೋಯಿತಾ? ಹಾಗಾದರೆ ಒಳಗಿನ ಗಾಜು ಸರಿದಿದೆ, ಸರ್ವಿಸ್‌ಗೆ ಕೊಡಬೇಕು. ಎಡಕ್ಕೇ ಉಳಿಯಿತಾ? ನೀವು ನಿಲ್ಲಿಸಿದ್ದೇ ಓರೆಯಾಗಿದೆ, ಅಷ್ಟೇ.

ಹಳೆಯ ನಿಕಾನ್ ಲೆನ್ಸ್ ಇದ್ದವರಿಗೆ ಒಂದು ಮಾತು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ತನ್ನೊಳಗೂ ಮೋಟರ್ ಇಲ್ಲದ 50 ಎಂಎಂ 1.8ಡಿ ಲೆನ್ಸ್ ಹಾಕಿದರೆ ಆಟೋಫೋಕಸ್ ಆಗುವುದೇ ಇಲ್ಲ. ಅದನ್ನು ಕೆಟ್ಟುಹೋಗಿದೆ ಅಂತ ಕಡಿಮೆ ರೇಟಿಗೆ ಕೊಡಬೇಡಿ.

ಇನ್ನು ಫೋಕಲ್ ಲೆಂತ್ ವಿಷಯ. ಕ್ರಾಪ್ ಸೆನ್ಸರ್ (35 ಎಂಎಂ ಫಿಲ್ಮಿಗಿಂತ ಚಿಕ್ಕ ಸೆನ್ಸರ್) ಮೇಲೆ 50 ಎಂಎಂ ಹಾಕಿದರೆ ನೋಟ ನಿಕಾನ್‌ನಲ್ಲಿ 75, ಕ್ಯಾನನ್‌ನಲ್ಲಿ 80 ಎಂಎಂನಷ್ಟು ಕಿರಿದಾಗುತ್ತದೆ. ಧಾರವಾಡದ ಸಣ್ಣ ಮನೆಯ ನಡುಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮ ತೆಗೆಯಲು ನಿಂತರೆ ಬೆನ್ನು ಗೋಡೆಗೆ ತಾಗಿದರೂ ಅರ್ಧ ಮಂದಿ ಫ್ರೇಮಿನ ಹೊರಗೇ. ಆದರೆ ಅದೇ ಲೆನ್ಸ್ ಹಿಡಿದು ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಚೌಕಟ್ಟಿನ ಮುಂದೆ ನಿಲ್ಲಿ. ಪಟ್ಟಿ ಪಟ್ಟಿಯಾಗಿ ಇಳಿದ ಆ ಕೆತ್ತನೆಯಲ್ಲಿ ಒಂದು ತುಂಡನ್ನು ಮಾತ್ರ ಆರಿಸಿ ತೆಗೆಯಲು ಅದಕ್ಕಿಂತ ಒಳ್ಳೆಯದು ಸಿಗಲಾರದು. ಹಾಗಾಗಿ ಒಂದು ವಾರ ಬೇರೆ ಲೆನ್ಸ್ ಮುಟ್ಟದೆ ಇದೊಂದನ್ನೇ ಹಾಕಿಕೊಂಡು ಓಡಾಡಿ. ಸಂಜೆ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಹೋಗಿ, ಉಣಕಲ್ ಕೆರೆ ದಂಡೆಗೆ ಹೋಗಿ, ಸುಗ್ಗಿಯ ಸಮಯವಾದರೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೂ ಹೋಗಿಬನ್ನಿ. ಆಮೇಲೆ ಕಂಪ್ಯೂಟರಿನಲ್ಲಿ ಹೋದ ವರ್ಷದ ಫೋಟೋಗಳನ್ನು ಲೆನ್ಸ್ ಪ್ರಕಾರ ಬೇರ್ಪಡಿಸಿ. ಎಷ್ಟು ತೆಗೆದಿರಿ ಅನ್ನೋದು ಬೇಡ. ಡಿಲೀಟ್ ಮಾಡಲು ಮನಸ್ಸು ಬಾರದ ಫೋಟೋಗಳಲ್ಲಿ ಇದರದ್ದು ಎಷ್ಟಿವೆ, ಅದು ಮುಖ್ಯ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕ್ಯಾಮೆರಾ ಜೊತೆಗೇ ಬಂದ 18-55 ಕಿಟ್ ಲೆನ್ಸ್ ಮಾರಬೇಡಿ, ಬರುವ ದುಡ್ಡು ಕಡಿಮೆ, ಮಳೆಯಲ್ಲೋ ಧೂಳಿನಲ್ಲೋ ಧೈರ್ಯವಾಗಿ ಒಯ್ಯಲು ಅದೇ ಬೇಕಾಗುತ್ತದೆ. 35 ಅಥವಾ 50ರ ಎಫ್/1.8 ಕೂಡ ಇರಲಿ. 70-200 ಎಫ್/2.8 ತರಹದ ಭಾರಿ ಲೆನ್ಸ್ ವರ್ಷಕ್ಕೆ ಒಂದೋ ಎರಡೋ ಮದುವೆಗೆ ಮಾತ್ರ ಹೊರಬರುತ್ತಿದ್ದರೆ ಮಾತ್ರ ಕೊಟ್ಟುಬಿಡಿ, ಬೇಕಾದ ದಿನ ಬಾಡಿಗೆಗೆ ತಂದರಾಯಿತು. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಹೋಗುವ ಯೋಚನೆ ಇದ್ದರೂ ಅವಸರ ಬೇಡ. ಕ್ಯಾನನ್ ಡಿಎಸ್ಎಲ್ಆರ್‌ನ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅವರದೇ ಮಿರರ್‌ಲೆಸ್ ಆರ್‌ಎಫ್ ಬಾಡಿಯಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ.

ಮಾರುವುದೇ ಅಂತ ಆದರೆ ಮಳೆಗಾಲಕ್ಕೆ ಮುಂಚೆ ಮಾರಿ. ಧಾರವಾಡದ ಜಡಿಮಳೆಯಲ್ಲಿ ಕಪಾಟಿನ ಚೀಲದೊಳಗೆ ಸುಮ್ನೆ ಕೂತ ಲೆನ್ಸಿಗೆ ಫಂಗಸ್ ಹಿಡಿಯಲು ತಡವಾಗುವುದಿಲ್ಲ, ಹಿಡಿದ ಮೇಲೆ ರೇಟ್ ಬಿದ್ದೇ ಹೋಗುತ್ತದೆ. ಗಿರಾಕಿ ಸಿಗುವ ತನಕ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಹಿಂದಿನಿಂದ ಟಾರ್ಚ್ ಬಿಟ್ಟು ಗಾಜಿನ ಒಳಗಡೆ ಕಾಣುವ ಹಾಗೆ ಒಂದು ಫೋಟೋ ತೆಗೆದು ಜಾಹೀರಾತಿನಲ್ಲಿ ಹಾಕಿ, ಬಿಲ್ಲು, ಡಬ್ಬಿ, ಹುಡ್, ಎರಡೂ ಕ್ಯಾಪ್ ಇದ್ದರೆ ಅವನ್ನೂ ತೋರಿಸಿ. ಗೀರು ಇದ್ದರೆ ಇದೆ ಅಂತಲೇ ಬರೆಯಿರಿ. ಕೊಳ್ಳುವವರು ತಮ್ಮದೇ ಬಾಡಿ ತರಲಿ, ಜೂಮಿನ ಎರಡೂ ತುದಿಯಲ್ಲಿ ತೆಗೆದು ನೋಡಲಿ. ದುಡ್ಡು ಹಾಕಿದ್ದೇನೆ ಅಂತ ಅವರ ಮೊಬೈಲಿನಲ್ಲಿ ತೋರಿಸಿದರೆ ಸಾಲದು. ನಿಮ್ಮ ಖಾತೆಗೆ ಬಂದಿದ್ದನ್ನು ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲೇ ನೋಡಿಕೊಂಡು ಆಮೇಲೆ ಲೆನ್ಸ್ ಕೊಡಿ.