ದೀಪಾವಳಿ ಹೊತ್ತಿಗೆ ತರಕಾರಿ ಬೇಕಾದರೆ ಒಟ್ಲು ಈಗಲೇ ಹಾಕಿ
ಹಾಸನದ ಸುತ್ತಮುತ್ತ ಹಿತ್ತಲಲ್ಲಿ ತರಕಾರಿ ಬೆಳೆಯೋರು ಮಳೆ ಪೂರ್ತಿ ನಿಲ್ಲಲಿ ಅಂತ ಕಾಯಬೇಡಿ. ಆಶ್ಲೇಷ ಮಳೆಯಲ್ಲೇ, ಅಂದರೆ ಆಗಸ್ಟ್ ಮೊದಲ ಎರಡು ವಾರದಲ್ಲಿ, ನವಿಲುಕೋಸು, ಎಲೆಕೋಸಿನ ಒಟ್ಲು (ಸಸಿ ಬೆಳೆಸೋ ಮಡಿ) ಹಾಕಿಬಿಡಿ. 25–30 ದಿನಕ್ಕೆ ಸಸಿ ನಾಟಿಗೆ ಬರುತ್ತೆ. ನವಿಲುಕೋಸು ಅಲ್ಲಿಂದ ಎರಡು ತಿಂಗಳೊಳಗೆ ಕೀಳಬಹುದು, ಎಲೆಕೋಸು ಇನ್ನೂ ಸ್ವಲ್ಪ ತಡ.

ಈ ಕಾಲದಲ್ಲಿ ಸಸಿ ಹೆಚ್ಚಾಗಿ ಸಾಯೋದು ಬುಡ ಕೊಳೆತು. ಎಲೆ ಹಸಿರಾಗೇ ಇರುತ್ತೆ, ಮಣ್ಣಿನ ಮಟ್ಟದಲ್ಲಿ ಕಾಂಡ ದಾರದಷ್ಟು ಸಣ್ಣಗಾಗಿ ಸಸಿ ಮಲಗಿಬಿಡುತ್ತೆ. ಅದಕ್ಕೇ ಮಡಿ ಅರ್ಧ ಅಡಿಯಾದರೂ ಎತ್ತರ ಇರಲಿ, ನೀರು ಒಂದು ಗಳಿಗೆಯೂ ನಿಲ್ಲಬಾರದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆ ರೋಗ ತಡೆಯೋ ಒಳ್ಳೇ ಶಿಲೀಂಧ್ರ) ಬೆರೆಸಿ ಹಾಕಿ. ಬೀಜ ಒತ್ತಾಗಿ ಚೆಲ್ಲದೆ ಗೆರೆ ಎಳೆದು ಬಿಡಿ, ಗಾಳಿ ಆಡುತ್ತೆ. ಬಿದಿರು ದಬ್ಬೆ ಬಗ್ಗಿಸಿ ಪ್ಲಾಸ್ಟಿಕ್ ಹೊದಿಸೋರು ಎರಡೂ ತುದಿ ತೆರೆದಿಡಿ, ಬಿಸಿಲು ಬಂದ ತಕ್ಷಣ ತೆಗೆಯಲೇಬೇಕು.

ಮೂಲಂಗಿ, ಬೀನ್ಸ್ ನೇರ ಮಡಿಗೇ ಹಾಕಿ. ಸಕಲೇಶಪುರ ಕಡೆಯವರು ಮಳೆ ಜೋರು ತಗ್ಗೋವರೆಗೆ ತಡೆಯೋದು ಒಳ್ಳೇದು.

ನಾಟಿ ಅವರೆ ಬಗ್ಗೆ ಒಂದು ಮಾತು: ಅದು ಹಗಲು ಚಿಕ್ಕದಾದ ಮೇಲೇ ಹೂ ಬಿಡೋದು. ಮುಂಚೆ ಬಿತ್ತಿದರೆ ಬಳ್ಳಿ ಹಬ್ಬುತ್ತೆ ಅಷ್ಟೇ, ಕಾಯಿ ಬೇಗ ಬರಲ್ಲ.