ಮಲೆನಾಡಿನ ಪ್ರಯಾಣಕ್ಕೆ ಮನೆಯಲ್ಲೇ ಇರುವ ಸಾಮಾನು

ಮಳೆಗಾಲದಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹೊರಡುವವರು ಪ್ರವಾಸಕ್ಕೆಂದೇ ಮಾರುವ ಚೀಲ, ಡಬ್ಬಿಗಳಿಗೆ ದುಡ್ಡು ಸುರಿಯುವ ಮೊದಲು ಅಡುಗೆಮನೆಯನ್ನೂ ಅಟ್ಟವನ್ನೂ ಒಮ್ಮೆ ನೋಡುವುದು ಒಳಿತು. ಈ ಸೀಮೆಯಲ್ಲಿ ಪ್ರಯಾಣಿಕರನ್ನು ಹೆಚ್ಚು ಕಾಡುವುದು ಒದ್ದೆ, ಅದಕ್ಕೆ ಬೇಕಾದುದೆಲ್ಲ ಮನೆಯಲ್ಲೇ ಇರುತ್ತದೆ.

ಬ್ಯಾಗಿನ ಮೇಲೆ ಹೊದಿಸುವ ಮಳೆ ಕವರು ಬೆನ್ನಿನ ಕಡೆಯಿಂದ ಇಳಿಯುವ ನೀರನ್ನು ತಡೆಯುವುದಿಲ್ಲವಾದ್ದರಿಂದ ರಕ್ಷಣೆ ಒಳಗಿನಿಂದಲೇ ಆಗಬೇಕು. ಕಸದ ಬುಟ್ಟಿಗೆ ಹಾಕುವ ದೊಡ್ಡ, ದಪ್ಪನೆಯ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನೊಳಗೆ ಹರಡಿ, ಬಟ್ಟೆಗಳನ್ನೆಲ್ಲ ಅದರಲ್ಲಿ ಜೋಡಿಸಿ, ಗಾಳಿಯನ್ನು ಒತ್ತಿ ಹೊರಹಾಕಿ, ಬಾಯಿಯನ್ನು ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಹಾಕಬೇಕು. ಒಬ್ಬೊಬ್ಬರ ಬಟ್ಟೆಗೂ ಒಂದೊಂದು ಹಳೆಯ ದಿಂಬಿನ ಕವರು ಇದ್ದರೆ ಹುಡುಕಾಟ ತಪ್ಪುತ್ತದೆ. ಶಾಂಪೂ, ಉಪ್ಪಿನಕಾಯಿ ಬಾಟಲಿಗಳ ಬಾಯಿಗೆ ಪ್ಲಾಸ್ಟಿಕ್ ಚೂರನ್ನಿಟ್ಟು ಮುಚ್ಚಳ ತಿರುಗಿಸಿದರೆ ಸೋರುವುದಿಲ್ಲ.

ಹಳೆಯ ದಿನಪತ್ರಿಕೆಗಳನ್ನು ಮರೆಯದೆ ಇಟ್ಟುಕೊಳ್ಳಿ. ಶೂ ನೆನೆದಾಗ ಒಳಗಿನ ಅಟ್ಟೆಯನ್ನು ಹೊರತೆಗೆದು, ಕಾಗದವನ್ನು ಸಡಿಲವಾಗಿ ಮುದುಡಿ ಬೆರಳುಗಳ ಜಾಗದವರೆಗೂ ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಾಯಿಸುತ್ತ ಹೋದರೆ ಬೆಳಗಾಗುವಷ್ಟರಲ್ಲಿ ಕಾಲಿಗೇರಿಸುವ ಸ್ಥಿತಿಗೆ ಬರುತ್ತದೆ. ನುಣುಪಾದ ಬಣ್ಣದ ಪುರವಣಿ ನೀರು ಹೀರುವುದಿಲ್ಲ. ಬೇಗ ಒಣಗಲೆಂದು ಒಲೆಯ ಪಕ್ಕದಲ್ಲಿಟ್ಟರೆ ಅಂಟು ಬಿಟ್ಟು ಅಡಿಭಾಗವೇ ಕಳಚಬಹುದು.

ಟರ್ಕಿ ಟವೆಲ್ಲಿಗಿಂತ ಹತ್ತಿಯ ತೆಳು ಪಂಚೆ ಮೇಲು. ಮೈ ಒರೆಸಲು, ಹೊದೆಯಲು, ಬಟ್ಟೆ ಬದಲಿಸುವಾಗ ಮರೆ ಕಟ್ಟಲು ಒದಗುವುದಲ್ಲದೆ ಬೇಗ ಆರುತ್ತದೆ. ನೈಲಾನ್ ಹಗ್ಗವನ್ನು ಎರಡಾಗಿ ಮಡಚಿ ಹುರಿ ಹಾಕಿ ಕಟ್ಟಿದರೆ ಎಳೆಗಳ ನಡುವೆ ಬಟ್ಟೆಯ ಅಂಚನ್ನು ಸಿಕ್ಕಿಸಬಹುದು, ಕ್ಲಿಪ್ಪು ಬೇಕಿಲ್ಲ.

ತೋಟ, ಕಾಡುಗಳಲ್ಲಿ ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ, ಕಾಟವಿರುವುದರಿಂದ ಕಲ್ಲುಪ್ಪನ್ನು ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ತುಸು ಒದ್ದೆ ಮಾಡಿ, ಸಾಕ್ಸಿಗೂ ಪ್ಯಾಂಟಿನ ಅಂಚಿಗೂ ಆಗಾಗ ಉಜ್ಜಬೇಕು. ಕಚ್ಚಿ ಹಿಡಿದದ್ದನ್ನು ಎಳೆಯದೆ, ಅದರ ಬಾಯಿಯ ಬುಡದಲ್ಲಿ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಸ್ವಲ್ಪ ಹೊತ್ತು ರಕ್ತ ಸೋರುವುದು ಸಹಜ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವವರು ವಾಂತಿಗೆಂದು ತೂತಿಲ್ಲದ ಒಂದೆರಡು ಕವರುಗಳನ್ನು ಬ್ಯಾಗಿನ ತಳದಲ್ಲಲ್ಲ, ಜೇಬಿನಲ್ಲೇ ಇಟ್ಟುಕೊಂಡಿರಬೇಕು.

ಬಯಲುಸೀಮೆಯ ಬೇಸಿಗೆಗೆ ಬೇರೆಯೇ ಸಿದ್ಧತೆ. ಶ್ರವಣಬೆಳಗೊಳದ ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಪಾದರಕ್ಷೆಯಿಲ್ಲದೆ ಹತ್ತಬೇಕಾಗಿದ್ದು, ಮಧ್ಯಾಹ್ನದ ಹೊತ್ತಿಗೆ ಬಂಡೆ ಕಾದಿರುತ್ತದೆ. ಅಲ್ಲಿಗೆ ಮನೆಯಲ್ಲಿರುವ ಹಳೆಯ ದಪ್ಪ ಹತ್ತಿಯ ಸಾಕ್ಸೇ ಸಾಕು. ನೈಲಾನಿನದಾದರೆ ಇಳಿಯುವಾಗ ಜಾರುತ್ತದೆ.