ಸಾಕೆಟ್ ಪಿನ್ ಬಗ್ಗಿದೆಯಾ? ಸೂಜಿ ಹಿಡಿಯುವ ಮುಂಚೆ ಇಷ್ಟು ಓದಿ

16 ಜಿಬಿ ರ‍್ಯಾಮ್ ಹಾಕಿದ್ದೆ. ಕಂಪ್ಯೂಟರ್ 8 ಮಾತ್ರ ತೋರಿಸುತ್ತಿತ್ತು. ರ‍್ಯಾಮ್ ಅದಲುಬದಲು ಮಾಡಿದೆ, ಬಯೋಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಮೂಲ ಪ್ರೋಗ್ರಾಂ) ರೀಸೆಟ್ ಮಾಡಿದೆ, ಕೊನೆಗೆ ಹೊಸ ರ‍್ಯಾಮ್ ಕೂಡ ತಂದೆ. ದುಡ್ಡು ದಂಡ. ಪ್ರೊಸೆಸರ್ ಎತ್ತಿ ನೋಡಿದರೆ ಸಾಕೆಟ್‌ನ, ಅಂದರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗದ, ಅಂಚಿನಲ್ಲಿ ಎರಡು ಪಿನ್ ಮಲಗಿದ್ದವು. ಹಿಂದಿನ ವಾರ ಪ್ರೊಸೆಸರ್ ಕೂರಿಸುವಾಗ ಕೈ ಜಾರಿ ಅದರ ಮೂಲೆ ಒಳಗೆ ತಾಗಿತ್ತು. ಏನೂ ಆಗಿರಲಿಕ್ಕಿಲ್ಲ ಅಂತ ಸುಮ್ನೆ ಪ್ರೊಸೆಸರ್ ಒತ್ತಿ ಹಿಡಿಯುವ ಲಿವರ್ ಹಾಕಿಬಿಟ್ಟಿದ್ದೆ.

ಇಂಟೆಲ್ 2004ರಲ್ಲಿ ಎಲ್‌ಜಿಎ 775 ಸಾಕೆಟ್ ತಂದಾಗ ಮನೆ ಕಂಪ್ಯೂಟರ್‌ಗಳಲ್ಲಿ ಪಿನ್‌ಗಳು ಪ್ರೊಸೆಸರ್ ಬಿಟ್ಟು ಮದರ್‌ಬೋರ್ಡ್‌ಗೆ ಬಂದವು. ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿ ಸಾಮಾನ್ಯ ಮನೆ ಕಂಪ್ಯೂಟರ್‌ಗಳಲ್ಲಿ ಆ ದಾರಿ ಹಿಡಿದಿದ್ದು 2022ರಲ್ಲಿ, ಎಎಂ5 ಸಾಕೆಟ್ ಜೊತೆಗೆ. ಅದಕ್ಕೆ ಹಿಂದಿನ ಎಎಂ4ನಲ್ಲಿ ಪಿನ್ ಪ್ರೊಸೆಸರ್ ಕೆಳಗೇ ಇರುತ್ತದೆ. ಅದು ನೆಟ್ಟಗಿನ ಕಡ್ಡಿಯಂಥ ಪಿನ್. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ಕೊಳವೆಗೆ ತೂರಿಸಿ ಮೆಲ್ಲಗೆ ಎತ್ತಬಹುದು. ಸಾಕೆಟ್‌ನ ಪಿನ್ ಹಾಗಲ್ಲ. ಅದೊಂದು ಪುಟ್ಟ ಸ್ಪ್ರಿಂಗ್. ಹುಟ್ಟಿನಿಂದಲೇ ಬಾಗಿರುತ್ತದೆ, ಪ್ರೊಸೆಸರ್ ಕೂತಾಗ ಒತ್ತಿಸಿಕೊಳ್ಳುತ್ತದೆ. ಹಾಗಾಗಿ ಅದನ್ನು ನೆಟ್ಟಗೆ ನಿಲ್ಲಿಸುವುದಲ್ಲ, ಪಕ್ಕದ ಪಿನ್ ಹೇಗಿದೆಯೋ ಹಾಗೆ ಮಾಡುವುದು ನಮ್ಮ ಕೆಲಸ.

ಹೊಸ ಬೋರ್ಡ್ ಬಾಕ್ಸ್ ತೆರೆದಾಗಲೇ ಪಿನ್ ಸೊಟ್ಟಗಿದ್ದರೆ ಕೈ ಹಚ್ಚಬೇಡಿ. ಫೋಟೊ ತೆಗೆದು ಅವತ್ತೇ ಅಂಗಡಿಗೆ ಹೋಗಿ. ಬಗ್ಗಿದ ಪಿನ್‌ಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ನೀವು ಸೂಜಿ ಆಡಿಸಿದ ಮೇಲಂತೂ ಮಾತೇ ಇಲ್ಲ.

ನಾವೇ ಮಾಡಬೇಕು ಅಂತಾದರೆ, ಮೊದಲು ಪವರ್ ಕೇಬಲ್ ಕಿತ್ತು, ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆಯಿರಿ. ಒಳಗಿಟ್ಟುಕೊಂಡೇ ಮಾಡ್ತೀನಿ ಅನ್ನುವ ಸೋಮಾರಿತನ ಬೇಡ. ಮೇಜಿನ ಮೇಲೆ ಬೋರ್ಡ್‌ನ ರಟ್ಟಿನ ಡಬ್ಬಿ, ಅದರ ಮೇಲೆ ಬೋರ್ಡ್. ಕೋಣೆಯ ಫ್ಯಾನ್ ಆಫ್. ಮೈಯಲ್ಲಿನ ಸ್ಟ್ಯಾಟಿಕ್ ಹೋಗಲು ಕ್ಯಾಬಿನೆಟ್‌ನ ಲೋಹ ಒಮ್ಮೆ ಮುಟ್ಟಿ.

ಮುಕ್ಕಾಲು ಪಾಲು ಕೆಲಸ ನೋಡುವುದರಲ್ಲೇ ಇದೆ. ಫೋನ್ ಟಾರ್ಚನ್ನು ಮೇಲಿನಿಂದ ಬಿಡಬೇಡಿ, ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಹಾಯಿಸಿ. ಪಿನ್‌ಗಳ ತುದಿಗಳೆಲ್ಲ ನಾಟಿ ಮಾಡಿದ ಗದ್ದೆಯ ಸಾಲಿನ ಹಾಗೆ ಒಂದೇ ಸಮ ಹೊಳೆಯುತ್ತವೆ. ಮಲಗಿದ ಪೈರು ತಾನಾಗಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಬೋರ್ಡನ್ನು ತಿರುಗಿಸಿ ನಾಲ್ಕೂ ಕಡೆಯಿಂದ ನೋಡಿ. ಒಂದು ಕಡೆಯಿಂದ ಸರಿ ಕಂಡಿದ್ದು ಇನ್ನೊಂದು ಕಡೆಯಿಂದ ವಾಲಿರುತ್ತದೆ. ಫೋಟೊ ತೆಗೆದು ಜೂಮ್ ಮಾಡಿ, ಕೆಟ್ಟ ಪಿನ್ ಎಷ್ಟನೇ ಸಾಲು, ಎಷ್ಟನೆಯದು ಅಂತ ಬರೆದಿಟ್ಟುಕೊಳ್ಳಿ. ಎಲ್‌ಜಿಎ 1200 ಅಂದರೆ 1200 ಪಿನ್. ಒಮ್ಮೆ ಕಣ್ಣು ತಪ್ಪಿದರೆ ಮತ್ತೆ ಹುಡುಕಬೇಕು.

ಈಗ ಸೂಜಿ. ಬಟ್ಟೆ ಹೊಲಿಯುವ ಸಣ್ಣ ಸೂಜಿಯೇ ಸಾಕು. ಇನ್ನೊಂದು ಕೈಯಲ್ಲಿ ಭೂತಗನ್ನಡಿ. ಮಣಿಕಟ್ಟಿನ ಕೆಳಗೆ ಮಡಿಸಿದ ಟವೆಲ್ ಇಟ್ಟುಕೊಂಡರೆ ಕೈ ನಡುಗುವುದಿಲ್ಲ. ಚಿಮುಟದಿಂದ ಪಿನ್ ಹಿಡಿದು ಎಳೆಯಲು ಹೋಗಬೇಡಿ, ಅದು ಪಕ್ಕದ ಎರಡನ್ನೂ ಕೆಡಿಸುತ್ತದೆ. ಸೂಜಿಯ ಮೊನೆಯನ್ನು ಬಗ್ಗಿದ ತಲೆಯ ಅಡಿಗೆ ತೂರಿಸಿ, ಕೂದಲೆಳೆಯಷ್ಟು ಎತ್ತಿ. ನಿಲ್ಲಿಸಿ. ನೋಡಿ. ಮತ್ತೆ ಕೂದಲೆಳೆಯಷ್ಟು. ಒಂದೇ ಸಲಕ್ಕೆ ಸರಿ ಮಾಡುವ ಆಸೆಗೆ ಬಿದ್ದರೆ ಪಿನ್ ಆಚೆ ಬದಿಗೆ ಹೋಗುತ್ತದೆ, ವಾಪಸ್ ತರಬೇಕಾಗುತ್ತದೆ. ಬೈಂಡಿಂಗ್ ವಯರನ್ನು ಹಿಂದೆ ಮುಂದೆ ಆಡಿಸಿದರೆ ಏನಾಗುತ್ತೆ ಗೊತ್ತಲ್ವಾ, ಇಲ್ಲೂ ಅದೇ ಆಗುತ್ತದೆ.

ಮುರಿದೇ ಹೋದರೆ? ಚೂರನ್ನು ಒಳಗೆ ಬಿಡಬೇಡಿ. ಎರಡು ಪಿನ್‌ಗೆ ಅಡ್ಡ ಬಿದ್ದರೆ ಶಾರ್ಟ್ ಆಗಿ ಪ್ರೊಸೆಸರ್ ಕೂಡ ಸುಟ್ಟೀತು. ಗ್ರೌಂಡ್ ಪಿನ್‌ಗಳು (ಕರೆಂಟ್ ವಾಪಸ್ ಹೋಗುವ ದಾರಿ) ಬೇಕಾದಷ್ಟು ಇರುತ್ತವೆ, ಅದರಲ್ಲಿ ಒಂದು ಹೋದರೆ ಬೋರ್ಡ್ ಓಡುವ ಸಾಧ್ಯತೆ ಉಂಟು. ರ‍್ಯಾಮ್‌ಗೆ ಹೋಗುವ ಪಿನ್ ಹೋದರೆ ನನ್ನ ಹಾಗೆ ಅರ್ಧ ಮೆಮೊರಿ ಮಾಯ. ಹತ್ತಾರು ಪಿನ್ ಒಟ್ಟಿಗೆ ಒರಗಿದ್ದರೆ ಮೈಕ್ರೊಸ್ಕೋಪ್ ಇಟ್ಟುಕೊಂಡಿರುವ ರಿಪೇರಿಯವರ ಹತ್ತಿರ ಹೋಗುವುದೇ ಜಾಣತನ.

ಕ್ಲೀನ್ ಮಾಡುವ ನೆಪದಲ್ಲಿ ಸಾಕೆಟ್‌ಗೆ ಬಟ್ಟೆಯನ್ನೋ ಹತ್ತಿಯನ್ನೋ ಮುಟ್ಟಿಸಬೇಡಿ. ಎಳೆ ಸಿಕ್ಕಿಕೊಂಡು ಒಂದು ಸಾಲೇ ಎದ್ದು ಬರುತ್ತದೆ. ಬಾಯಿಂದ ಊದುವುದೂ ಬೇಡ, ಎಂಜಲು ಹಾರುತ್ತದೆ. ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋವರ್ ಒಳ್ಳೆಯದು.

ಪ್ರೊಸೆಸರ್ ವಾಪಸ್ ಇಡುವಾಗ ಮೂಲೆಯ ತ್ರಿಕೋನದ ಗುರುತು, ಅಂಚಿನ ಕಚ್ಚು ಎರಡೂ ಹೊಂದಬೇಕು. ನೇರವಾಗಿ ಕೆಳಗಿಳಿಸಿ ಬಿಟ್ಟುಬಿಡಿ. ಜರುಗಿಸಬೇಡಿ, ಒತ್ತಬೇಡಿ. ಲಿವರ್ ಹಾಕುವಾಗ ಕರಕರ ಅನ್ನುತ್ತದೆ, ಅದಕ್ಕೆ ಹೆದರಬೇಕಿಲ್ಲ. ಪ್ರೊಸೆಸರ್ ತಣ್ಣಗಿಡುವ ಕೂಲರ್‌ನ ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆ ಜಾಸ್ತಿ ಬಿಗಿಯಾದರೂ ಕೆಲವೊಮ್ಮೆ ರ‍್ಯಾಮ್ ಕಾಣಿಸುವುದಿಲ್ಲ, ಪಿನ್ ಸರಿಯಿದ್ದರೂ.

ನನ್ನ ಎರಡು ಪಿನ್‌ಗೆ ನಲವತ್ತು ನಿಮಿಷ ಹಿಡಿಯಿತು. ಒಂದರ ತಲೆ ಈಗಲೂ ತುಸು ಓರೆ. ಆದರೆ ಬಯೋಸ್‌ನಲ್ಲಿ 16 ಬಂತು. ಸಾಕೆಟ್ ಮೇಲಿರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ. ಬೋರ್ಡ್ ಸರ್ವೀಸ್‌ಗೆ ಕೊಡುವ ದಿನ ಅದು ಇಲ್ಲದಿದ್ದರೆ ತಕರಾರು ತೆಗೆಯುತ್ತಾರೆ. ನಮ್ಮನೆಯಲ್ಲಿ ಅದು ಸ್ಕ್ರೂ ಡಬ್ಬಿಯಲ್ಲಿದೆ, ಬೇಡವಾದ ಆ ಹೊಸ ರ‍್ಯಾಮ್ ಜೊತೆ.